ದೇವರ ಮನೆಯ ಜೀರೋ ಬಲ್ಬು

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಸಾಗರದ ಹತ್ತಿರದ ಹಳ್ಳಿ ನಮ್ಮದು. ಹಬ್ಬದ ಮಾರನೇ ದಿನ ಅಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ಜಗಲಿಯಲ್ಲಿ ನನ್ನ ಮುಂದೆ ಸುರಿದಳು. ಐದು ಎಲ್‌ಇಡಿ ಬಲ್ಬು. ಐದೂ ಸತ್ತಿದ್ದವು.

"ಹತ್ತು ಹದಿನೈದು ವರ್ಷ ನೋಡೋದೇ ಬೇಡ ಅಂದಿದ್ದೆ ನೀನು. ಎರಡು ವರ್ಷಕ್ಕೆ ಐದು ಹೋದ್ವು. ಹಳೇ ಬಲ್ಬೇ ವಾಸಿ ಇತ್ತು ಕಣೇ" ಅಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಮನೆಯ ಎಲ್ಲ ಬಲ್ಬು ಬದಲಿಸಿ ಅಂತ ಹಟ ಹಿಡಿದವಳು ನಾನೇ. ಅಪ್ಪ ದುಡ್ಡು ಕೊಟ್ಟಿದ್ದರು, ಮೈಸೂರಿನಿಂದ ಹದಿನಾಲ್ಕು ಬಲ್ಬು ಹೊತ್ತುಕೊಂಡು ಹೋಗಿ ನಾನೇ ಹಾಕಿಸಿದ್ದೆ. ಹಾಗಾಗಿ ಆ ರಜೆಯ ಉಳಿದ ಮೂರು ದಿನ, ಆಮೇಲೆ ಮೈಸೂರಿಗೆ ಬಂದ ಮೇಲೂ ಒಂದು ತಿಂಗಳು, ಬಿಡುವು ಸಿಕ್ಕಾಗೆಲ್ಲ ಇದೇ ಕೆಲಸ ಮಾಡಿದೆ. ಬಲ್ಬು ಬಿಚ್ಚಿ ನೋಡಿದೆ, ಕರೆಂಟು ಅಳೆದೆ, ಗೊತ್ತಿದ್ದವರನ್ನು ಕೇಳಿದೆ. ಕೆಲವು ವಿಷಯದಲ್ಲಿ ಅಮ್ಮ ಹೇಳಿದ್ದೇ ಸರಿ. ಕೆಲವದರಲ್ಲಿ ನಾನು ಸರಿ. ಇಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿಯೂ ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಐದು ಬಲ್ಬುಗಳ ಕಥೆ. ನಮ್ಮೂರಲ್ಲಿ ವೈರಿಂಗ್ ಕೆಲಸ ಮಾಡುವ ಹುಡುಗ ಒಬ್ಬ ಇದ್ದಾನೆ. ಅವನನ್ನು ಕರೆಸಿದೆ. ಬಲ್ಬಿನ ಬಿಳಿ ಪ್ಲಾಸ್ಟಿಕ್ ಬುರುಡೆಯನ್ನು ಅವನು ಸ್ಕ್ರೂ ಡ್ರೈವರ್‌ನಿಂದ ಸುತ್ತಲೂ ಮೀಟಿ ಎಬ್ಬಿಸಿದ. ಒಳಗೆ ಒಂದು ದುಂಡನೆಯ ತಟ್ಟೆ, ಅದರ ಮೇಲೆ ಹಳದಿ ಬಣ್ಣದ ಪುಟ್ಟ ಪುಟ್ಟ ಚೌಕಗಳು, ಕಡಲೆಬೇಳೆಗಿಂತ ಚಿಕ್ಕವು. ಹನ್ನೆರಡು ಇದ್ದವು. ಒಂದು ಚೌಕದ ನಡುವೆ ಮಾತ್ರ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. "ಇದೊಂದೇ ಅಕ್ಕ ಸುಟ್ಟಿದ್ದು, ಉಳಿದ ಹನ್ನೊಂದೂ ಚೆನ್ನಾಗಿವೆ" ಅಂದ. ಒಂದರ ಹಿಂದೆ ಒಂದು ಸರದಂತೆ ಜೋಡಿಸಿರುವುದರಿಂದ ಒಂದು ಹೋದರೆ ಸರವೇ ಕಡಿದ ಹಾಗೆ, ಪೂರ್ತಿ ಬಲ್ಬು ಆರಿಹೋಗುತ್ತದೆ. ಎರಡು ಬಲ್ಬು ಹೀಗೆ ಹೋಗಿದ್ದವು. ಉಳಿದ ಮೂರರಲ್ಲಿ ಚೌಕಗಳೆಲ್ಲ ನೆಟ್ಟಗಿದ್ದವು, ಕೆಟ್ಟದ್ದು ಕೆಳಗಿನ ಕುತ್ತಿಗೆಯಲ್ಲಿರುವ ಚಿಕ್ಕ ಸರ್ಕಿಟ್. ಅದಕ್ಕೆ ಡ್ರೈವರ್ ಅನ್ನುತ್ತಾರೆ. ಮನೆಗೆ ಬರುವ 230 ವೋಲ್ಟಿನ ಕರೆಂಟನ್ನು ಎಲ್‌ಇಡಿಗೆ ಬೇಕಾದ ಹಾಗೆ ಇಳಿಸಿ ಕೊಡುವುದು ಅದರ ಕೆಲಸ. ಅದರಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿ ತುಂಡಿನಷ್ಟು ಎತ್ತರದ ಒಂದು ಕೆಪಾಸಿಟರ್, ಕರೆಂಟನ್ನು ಚೂರು ಹೊತ್ತು ಹಿಡಿದಿಟ್ಟು ಸಮ ಮಾಡಿ ಕೊಡುವ ಭಾಗ. ಮೂರರಲ್ಲೂ ಅದರ ತಲೆ ಉಬ್ಬಿತ್ತು.

ಆ ಮೂರೂ ಎಲ್ಲಿದ್ದವು ಅಂತ ಅಮ್ಮನನ್ನು ಕೇಳಿದೆ. ಎರಡು ಅಡುಗೆಮನೆಯವು, ಒಂದು ಬಚ್ಚಲುಮನೆಯದು. ಅಡುಗೆಮನೆಯಲ್ಲಿ ಬಲ್ಬು ಇರುವುದು ಸೌದೆ ಒಲೆಯ ಮೇಲ್ಗಡೆ. ಬಚ್ಚಲುಮನೆಯಲ್ಲಿ ಹಂಡೆ ಒಲೆ, ಸಾಲದ್ದಕ್ಕೆ ಬಲ್ಬಿಗೆ ಗಾಜಿನ ಮುಚ್ಚಿದ ಗೋಳ ಬೇರೆ. ಆಗ ಅರ್ಥವಾಯಿತು. ಎಲ್‌ಇಡಿ ಬಲ್ಬು ಬಿಸಿ ಆಗಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಳೇ ಬಲ್ಬಿನ ಹಾಗೆ ಕೈ ಸುಡುವಷ್ಟು ಆಗಲ್ಲ, ನಿಜ. ಆದರೆ ಬಿಸಿ ಆಗುತ್ತದೆ. ಹಳೇ ಬಲ್ಬಿಗೆ ಬಿಸಿ ಅಂದರೆ ಲೆಕ್ಕಕ್ಕೇ ಇಲ್ಲ, ಅದು ಕೆಲಸ ಮಾಡುವುದೇ ತಂತಿ ಕಾಯಿಸಿ. ಇದಕ್ಕೆ ಬಿಸಿಯೇ ಶತ್ರು. ಬುಡದಲ್ಲಿರುವ ಆ ಕೆಪಾಸಿಟರ್ ಒಳಗೆ ಒಂದು ಬಗೆಯ ದ್ರವ ಇರುತ್ತದೆ, ಬಿಸಿ ಜಾಸ್ತಿಯಾದಷ್ಟೂ ಅದು ಬೇಗ ಒಣಗುತ್ತದೆ. ಡಬ್ಬಿಯ ಮೇಲೆ 15,000 ಗಂಟೆ, 25,000 ಗಂಟೆ ಅಂತ ಬರೆದಿರುವುದು ಹಳದಿ ಚೌಕಗಳ ಆಯಸ್ಸು ನೋಡಿಕೊಂಡು. ದಿನಕ್ಕೆ ಐದು ಗಂಟೆ ಉರಿಸಿದರೆ 25,000 ಗಂಟೆ ಅಂದರೆ ಹದಿಮೂರು ವರ್ಷಕ್ಕೂ ಮೇಲೆ. ಆದರೆ ಚೌಕಗಳಿಗಿಂತ ಮುಂಚೆ ಸಾಯುವುದು ಡ್ರೈವರ್. ಗಾಳಿ ಆಡದ ಗೋಳದೊಳಗೆ, ಒಲೆಯ ಮೇಲೆ, ತಲೆಕೆಳಗಾಗಿ ನೇತುಹಾಕಿದರೆ ಅದು ಇನ್ನೂ ಬೇಗ ಹೋಗುತ್ತದೆ.

ಉಳಿದ ಎರಡು ಹೋದದ್ದಕ್ಕೆ ಬಹುಶಃ ನಮ್ಮೂರ ಮಳೆಗಾಲವೇ ಕಾರಣ. ಜೂನ್‌ನಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಬಂದಾಗ ಒಮ್ಮೊಮ್ಮೆ ವೋಲ್ಟೇಜ್ ಏರಿ ಬರುತ್ತದೆ. ಗುಡುಗು ಸಿಡಿಲು ಬೇರೆ. ಹಳೇ ಬಲ್ಬು ಆಗ ಒಂದು ಸಲ ಜಾಸ್ತಿ ಬೆಳಗಿ ಸುಮ್ಮನಾಗುತ್ತಿತ್ತು, ಇಲ್ಲವೇ ಫಿಲಮೆಂಟ್ ಕಡಿದುಕೊಂಡು ಹೋಗುತ್ತಿತ್ತು. ಹತ್ತು ಹದಿನೈದು ರೂಪಾಯಿ ಹೋಯಿತು ಅಂತ ಬೇರೆ ಹಾಕುತ್ತಿದ್ದೆವು. ಈಗ ಹೋಗುವುದು ಒಂದು ಸರ್ಕಿಟ್. ಅಮ್ಮನ ಮಾತು ಈ ಜಾಗದಲ್ಲಿ ಸರಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಸುಟ್ಟ ಚೌಕದ ಮೇಲೆ ಬೆಸುಗೆ ಹಾಕಿ ದಾಟಿಸಿದರೆ ಬಲ್ಬು ಮತ್ತೆ ಉರಿಯುತ್ತದೆ, ಆ ಹುಡುಗ ಮಾಡಿ ತೋರಿಸಿದ. ನೀವು ಮಾಡಬೇಡಿ. ಉಳಿದ ಚೌಕಗಳ ಮೇಲೆ ಭಾರ ಜಾಸ್ತಿಯಾಗಿ ಕೆಲವು ದಿನಕ್ಕೆ ಇನ್ನೊಂದು ಹೋಗುತ್ತದೆ. ಬುರುಡೆ ತೆಗೆದ ಬಲ್ಬನ್ನು ಹೋಲ್ಡರಿಗೆ ಹಾಕಿದರೆ ಕೈ ತಾಗುವ ಕಡೆಯೆಲ್ಲ ಕರೆಂಟು ಇರಬಹುದು. ಅದರ ಬದಲು ವಾರಂಟಿ ಬಳಸಿಕೊಳ್ಳಿ. ಎರಡು ವರ್ಷ, ಮೂರು ವರ್ಷ ಅಂತ ಡಬ್ಬಿ ಮೇಲೇ ಬರೆದಿರುತ್ತಾರೆ, ನಾವು ಡಬ್ಬಿ ಬಿಸಾಡಿರುತ್ತೇವೆ. ಈಗ ನಾನು ಬಲ್ಬು ಹಾಕುವ ಮುಂಚೆ ಅದರ ಕುತ್ತಿಗೆ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು, ಅಂಗಡಿ ಹೆಸರು ಬರೆಯುತ್ತೇನೆ. ಬಿಲ್ಲಿನ ಫೋಟೋ ಫೋನಿನಲ್ಲಿರುತ್ತದೆ. ಈ ವರ್ಷ ಹಾಗೇ ಎರಡು ಬಲ್ಬು ಬದಲಿಸಿಕೊಂಡು ಬಂದೆ, ಅಂಗಡಿಯವರು ಒಂದೂ ಮಾತಾಡದೆ ಕೊಟ್ಟರು.

ಹಾಗಾದರೆ ಹಳೇ ಬಲ್ಬೇ ವಾಸಿಯಾ? ಅಲ್ಲ. ಲೆಕ್ಕ ನೋಡಿ.

60 ವ್ಯಾಟಿನ ಹಳೇ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯುನಿಟ್. ಅಷ್ಟೇ ಬೆಳಕು ಕೊಡುವ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ಕೊಡುವ 9 ವ್ಯಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ 1.35 ಯುನಿಟ್. ಯುನಿಟ್‌ಗೆ ಸುಮಾರು 6 ರೂಪಾಯಿ ಅಂತ ಇಟ್ಟುಕೊಂಡರೂ ಒಂದೊಂದು ಬಲ್ಬಿನಿಂದ ವರ್ಷಕ್ಕೆ 550 ರೂಪಾಯಿ ಉಳಿಯಿತು. ಬಲ್ಬಿನ ಬೆಲೆ ನೂರು ರೂಪಾಯಿ ಅಂದರೂ ಎರಡು ಮೂರು ತಿಂಗಳಲ್ಲಿ ವಾಪಸ್ ಬಂತು. ಎರಡೇ ವರ್ಷ ಬಾಳಿದರೂ ಲಾಭವೇ. ಐದು ಬಲ್ಬು ಸತ್ತವು ಅಂತ ಅಮ್ಮ ಬೇಜಾರು ಮಾಡಿಕೊಂಡಳಲ್ಲ, ಸಾಯುವ ಮೊದಲು ಆ ಐದೂ ತಮ್ಮ ದುಡ್ಡನ್ನು ಹತ್ತು ಪಟ್ಟು ಮಾಡಿ ಕೊಟ್ಟಿದ್ದವು. ಹಳೇ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ಐದು ಪಾಲು ಬೆಳಕಾದರೆ ದೊಡ್ಡದು, ಉಳಿದದ್ದೆಲ್ಲ ಶಾಖ. ಅದರ ಆಯಸ್ಸೂ ಸುಮಾರು 1,000 ಗಂಟೆ ಅಷ್ಟೇ.

ಬೆಲೆ ಇಷ್ಟು ಇಳಿದದ್ದು ಹೇಗೆ ಅನ್ನುವುದೂ ದೊಡ್ಡ ಕಥೆ. ಕಮ್ಮಿ ಬೆಲೆಗೆ ಎಲ್‌ಇಡಿ ಬಲ್ಬು ಹಂಚುವ ಕೇಂದ್ರದ ಉಜಾಲಾ ಯೋಜನೆ ಶುರುವಾದದ್ದು 2015ರ ಜನವರಿಯಲ್ಲಿ. ನಮ್ಮಲ್ಲಿ ಅದೇ ವರ್ಷದ ಕೊನೆಗೆ 'ಹೊಸ ಬೆಳಕು' ಅನ್ನುವ ಹೆಸರಿನಲ್ಲಿ ಬಂತು. ಅಪ್ಪ ಕರೆಂಟ್ ಬಿಲ್ಲಿನ ಜೆರಾಕ್ಸ್ ಹಿಡಿದು ಸಾಲಲ್ಲಿ ನಿಂತು ತಂದ ನೂರು ರೂಪಾಯಿಯ 9 ವ್ಯಾಟಿನ ಒಂದು ಬಲ್ಬು ಇವತ್ತಿಗೂ ಜಗಲಿಯಲ್ಲಿ ಉರಿಯುತ್ತಿದೆ. ಗಾಳಿಯಾಡುವ ಜಾಗ, ಅದಕ್ಕೇ ಬದುಕಿದೆ ಅಂತ ನನ್ನ ನಂಬಿಕೆ. ಸರ್ಕಾರದ ಕಂಪನಿ 2014ರ ಶುರುವಿನಲ್ಲಿ ಸಗಟಾಗಿ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟಿತ್ತು. 2016ಕ್ಕೆ ಅಂಥ ಬಲ್ಬು 38 ರೂಪಾಯಿಗೆ ಸಿಗುತ್ತಿತ್ತು. ಕೋಟಿಗಟ್ಟಲೆ ಒಟ್ಟಿಗೆ ಕೊಂಡರೆ ಹೀಗಾಗುತ್ತದೆ. ಆ ಯೋಜನೆಯಲ್ಲಿ ದೇಶದಲ್ಲಿ ಹಂಚಿದ್ದು 36 ಕೋಟಿಗೂ ಹೆಚ್ಚು ಬಲ್ಬು.

ಈಗ ಆ ಗೊತ್ತಿಲ್ಲದ ಸಂಗತಿಗೆ ಬರುತ್ತೇನೆ.

ಕರೆಂಟು ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ತೋರಿಸುವ ಚಿಕ್ಕ ಮೀಟರ್ ಸಿಗುತ್ತದೆ, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವಂಥದ್ದು. ಅದನ್ನು ತರಿಸಿಕೊಂಡೆ. ಒಂದು ಹೋಲ್ಡರ್, ಎರಡು ಮಾರು ವೈರು, ಒಂದು ಪ್ಲಗ್ ಜೋಡಿಸಿ, ಕೈಗೆ ಸಿಕ್ಕಿದ ಬಲ್ಬನ್ನೆಲ್ಲ ಹಾಕಿ ನೋಡಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅದನ್ನೂ ತೆಗೆದುಕೊಂಡು ಹೋಗಿದ್ದೆ. 9 ವ್ಯಾಟಿನವು ಎಂಟೂವರೆ, ಒಂಬತ್ತು ತೋರಿಸಿದವು. ಹಳೇ ಟ್ಯೂಬ್‌ಲೈಟ್ ಪಟ್ಟಿ 53 ತೋರಿಸಿತು. ಟ್ಯೂಬು 40 ವ್ಯಾಟಿನದೇ, ಉಳಿದದ್ದು ಅದರ ಚೋಕ್ ತಿನ್ನುವುದು. ಕೊನೆಗೆ ದೇವರ ಮನೆಯ ಜೀರೋ ಬಲ್ಬು ಬಿಚ್ಚಿ ತಂದು ಹಾಕಿದೆ. ಕೆಂಪು ಬಣ್ಣದ್ದು, ನಿಂಬೆಹಣ್ಣಿನಷ್ಟು ದಪ್ಪ. ಹೆಸರೇ ಜೀರೋ. ಮೀಟರ್ 13 ವ್ಯಾಟ್ ತೋರಿಸಿತು.

ಎರಡು ಸಲ ತೆಗೆದು ಹಾಕಿದೆ. 13ಕ್ಕೇ ನಿಂತಿತು.

ಈ ಬಲ್ಬಿಗೆ ಜೀರೋ ಅನ್ನುವ ಹೆಸರು ಬಂದದ್ದು, ಹಿಂದಿನ ಕಾಲದ ಚಕ್ರ ತಿರುಗುವ ಮೀಟರುಗಳು ಇಷ್ಟು ಕಮ್ಮಿ ಕರೆಂಟಿಗೆ ತಿರುಗುತ್ತಲೇ ಇರಲಿಲ್ಲ ಅನ್ನುವ ಕಾರಣಕ್ಕೆ ಅಂತ ಹೇಳುತ್ತಾರೆ. ಈಗಿನ ಎಲೆಕ್ಟ್ರಾನಿಕ್ ಮೀಟರು ಬಿಡುವುದಿಲ್ಲ, ಒಂದೊಂದು ವ್ಯಾಟನ್ನೂ ಲೆಕ್ಕ ಹಿಡಿಯುತ್ತದೆ. ನಮ್ಮ ದೇವರ ಮನೆಯಲ್ಲಿ ಆ ಬಲ್ಬು ಹಗಲೂ ರಾತ್ರಿ ಉರಿಯುತ್ತದೆ, ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. 13 ವ್ಯಾಟು, 24 ಗಂಟೆ, 30 ದಿನ. ತಿಂಗಳಿಗೆ 9 ಯುನಿಟ್‌ಗೂ ಮೇಲೆ. ಅಂದರೆ ಜಗಲಿ, ನಡುಮನೆ, ಅಡುಗೆಮನೆ, ಎರಡು ಕೋಣೆ, ಬಚ್ಚಲು ಎಲ್ಲದರ ಎಲ್‌ಇಡಿ ದಿನಾ ಐದೈದು ಗಂಟೆ ಉರಿದು ತಿನ್ನುವುದಕ್ಕಿಂತ ದೇವರ ಮುಂದಿನ ಆ ಒಂದು ಪುಟ್ಟ ದೀಪ ತಿನ್ನುವುದು ಜಾಸ್ತಿ! ಮಲಗುವ ಕೋಣೆಯಲ್ಲಿ ಇನ್ನೊಂದು ಇತ್ತು, ರಾತ್ರಿ ಒಂಬತ್ತು ಗಂಟೆ ಉರಿಯುವಂಥದ್ದು. ಅದು ಮೂರೂವರೆ ಯುನಿಟ್.

ಉಳಿಸುವ ಬಲ್ಬು ಹಾಕಿಸಿ ಎಲ್ಲ ಮುಗಿಯಿತು ಅಂದುಕೊಂಡಿದ್ದ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ತಿನ್ನುವ ದೀಪವನ್ನೇ ನಾನು ಮುಟ್ಟಿರಲಿಲ್ಲ. ಅದರ ಬೆಳಕು ಕಮ್ಮಿ, ಹೆಸರು ಜೀರೋ, ಹಾಗಾಗಿ ಕಣ್ಣಿಗೆ ಬೀಳಲಿಲ್ಲ. ನನಗನ್ನಿಸುತ್ತದೆ, ತುಂಬಾ ಮನೆಗಳಲ್ಲಿ ಹೀಗೇ ಇದೆ. ಬಲ್ಬು ಎಷ್ಟು ವ್ಯಾಟಿನದು ಅಂತ ಮಾತ್ರ ನೋಡುತ್ತೇವೆ, ಎಷ್ಟು ಹೊತ್ತು ಉರಿಯುತ್ತದೆ ಅಂತ ನೋಡುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಹಾಕುವ ಉಗ್ರಾಣದ ಬಲ್ಬು 60 ವ್ಯಾಟಿನದೇ ಇದ್ದರೂ ತಿಂಗಳಿಗೆ ಅರ್ಧ ಯುನಿಟ್ ಆಗಲ್ಲ, ಅದು ತಾನಾಗಿ ಹೋಗುವವರೆಗೆ ಇರಲಿ. ಮೊದಲು ಬದಲಿಸಬೇಕಾದದ್ದು ದೇವರ ಮನೆಯದು, ಗೇಟಿನದು, ಮೆಟ್ಟಿಲಿನದು, ರಾತ್ರಿಯಿಡೀ ಉರಿಯುವ ಕೊಟ್ಟಿಗೆಯದು.

ಹಾಗಂತ ಬಲ್ಬು ಬದಲಿಸಿದ ಕೂಡಲೇ ಬಿಲ್ಲು ಅರ್ಧ ಆಗಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೈಸೂರಿನ ನಮ್ಮ ಮನೆಯ ಗೀಸರ್ 2,000 ವ್ಯಾಟಿನದು. ಅದನ್ನು ಒಂದು ಗಂಟೆ ಹಾಕಿದರೆ 2 ಯುನಿಟ್, ಅಷ್ಟು ಕರೆಂಟಿನಲ್ಲಿ 9 ವ್ಯಾಟಿನ ಬಲ್ಬು 220 ಗಂಟೆ ಉರಿಯುತ್ತದೆ. ಫ್ಯಾನ್ ಕೂಡ ಹಾಗೇ, ಹಳೇ ಫ್ಯಾನು ಒಂದೊಂದು 75 ವ್ಯಾಟ್ ತಿನ್ನುತ್ತದೆ, ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು.

ನಮ್ಮ ಭಾವ ಒಂದು ಪ್ರಶ್ನೆ ಕೇಳಿದರು. "ಗೃಹಜ್ಯೋತಿ ಬಂದಮೇಲೆ ಬಿಲ್ಲೇ ಸೊನ್ನೆ. ಇನ್ನು ಯಾಕೆ ಇಷ್ಟು ತಲೆಬಿಸಿ?" ಕೇಳಬೇಕಾದ ಪ್ರಶ್ನೆಯೇ. ಆದರೆ ಸೊನ್ನೆ ಬಿಲ್ಲಿಗೂ ಒಂದು ಮಿತಿ ಇದೆ ಅಲ್ವಾ. 2022-23ರಲ್ಲಿ ಮನೆಗೆ ತಿಂಗಳಿಗೆ ಸರಾಸರಿ ಎಷ್ಟು ಖರ್ಚಾಗಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಮಾತ್ರ ಉಚಿತ ಅಂತ ಯೋಜನೆ ಶುರುವಾಯಿತು. ಅದಕ್ಕಿಂತ ಮೇಲೆ ಹೋದರೆ ಹೆಚ್ಚಿನದಕ್ಕೆ ದುಡ್ಡು, 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ಫ್ಯಾನು ಜಾಸ್ತಿ ತಿರುಗಿ ಗಡಿಯ ಹತ್ತಿರ ಹೋದಾಗ ಆ 9 ಯುನಿಟ್ ದೊಡ್ಡದೇ.

ಆದರೆ ನನಗೆ ದುಡ್ಡಿಗಿಂತ ದೊಡ್ಡ ಕಾರಣ ಬೇರೆ ಇದೆ. ನಾನು ಶರಾವತಿ ಕಡೆಯವಳು. ಅಜ್ಜಿಯ ತವರುಮನೆ, ತೋಟ, ಗದ್ದೆ ಎಲ್ಲ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯಿತು, ಆ ನೀರಿನಿಂದ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ನಡೆಯುತ್ತದೆ, ರಾಜ್ಯಕ್ಕೆಲ್ಲ ಬೆಳಕು ಹೋಯಿತು. ಮುಳುಗಡೆಯಾಗಿ ಬೇರೆ ಕಡೆ ಹೋಗಿ ಗುಡಿಸಲು ಕಟ್ಟಿಕೊಂಡವರು ಎಷ್ಟೋ ವರ್ಷ ಚಿಮಣಿ ಬುಡ್ಡಿಯಲ್ಲೇ ಕಳೆದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಮರದ ಬೊಡ್ಡೆಗಳು ಮೇಲೆ ಕಾಣುತ್ತವೆ, ಅಜ್ಜಿ ಇದ್ದಷ್ಟು ದಿನ ಆ ಕಡೆ ಬೆರಳು ಮಾಡಿ ಯಾರ ಮನೆ ಎಲ್ಲಿತ್ತು ಅಂತ ಹೇಳುತ್ತಿದ್ದರು. ಒಂದು ಯುನಿಟ್ ಅಂದರೆ ನಮ್ಮ ಕಡೆಯವರಿಗೆ ಬರೀ ಆರು ರೂಪಾಯಿ ಅಲ್ಲ.

ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತಿದೆ. ಗೇರುಸೊಪ್ಪೆಯ ಜಲಾಶಯದಿಂದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಜಾಸ್ತಿಯಿರುವ ಹೊತ್ತಿನಲ್ಲಿ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಸಿಂಗಳೀಕಗಳಿರುವ ಕಾಡು ಅದು, ಅದಕ್ಕೇ ಸಾಗರ, ಹೊನ್ನಾವರದ ಜನ ವಿರೋಧ ಮಾಡುತ್ತಿದ್ದಾರೆ. ಬೇಡಿಕೆ ಏರುವ ಆ ಹೊತ್ತುಗಳಲ್ಲಿ ಒಂದು ಸಂಜೆ, ಎಲ್ಲರ ಮನೆಯ ದೀಪ ಹೊತ್ತುವ ಹೊತ್ತು. ಸೂರ್ಯ ಮುಳುಗಿರುತ್ತಾನೆ, ಸೋಲಾರ್ ಕರೆಂಟು ನಿಂತಿರುತ್ತದೆ. ಆ ಹೊತ್ತಿನಲ್ಲಿ ಪ್ರತಿ ಮನೆಯಲ್ಲಿ ನಾಲ್ಕು ಬಲ್ಬು 60ರ ಬದಲು 9 ವ್ಯಾಟಿನಲ್ಲಿ ಉರಿದರೆ ಉಳಿಯುವುದು ಸಣ್ಣ ಮೊತ್ತವಲ್ಲ. ಹಂಚಿದ ಬಲ್ಬುಗಳಿಂದ ದೇಶದ ಅತಿ ಹೆಚ್ಚಿನ ಬೇಡಿಕೆಯಲ್ಲಿ 9,000 ಮೆಗಾವ್ಯಾಟ್‌ಗೂ ಹೆಚ್ಚು ಇಳಿದಿದೆ ಅಂತ ಸರ್ಕಾರವೇ ಹೇಳುತ್ತದೆ. ಶರಾವತಿಯಂಥ ಎಂಟೊಂಬತ್ತು ವಿದ್ಯುದಾಗಾರ ಆಯಿತು ಅದು. ಭಾವನಿಗೆ ಇದನ್ನೇ ಹೇಳಿದೆ, ಆಮೇಲೆ ಅವರು ಮಾತಾಡಲಿಲ್ಲ.

ಇನ್ನು ಬಣ್ಣದ ವಿಷಯ. ಇದರಲ್ಲಿ ಅಮ್ಮನೇ ಗೆದ್ದದ್ದು. ನಾನು ಮೊದಲು ತಂದ ಹದಿನಾಲ್ಕೂ ಬಿಳಿ ಬೆಳಕಿನವು, ಡಬ್ಬಿ ಮೇಲೆ 6500ಕೆ ಅಂತ ಇರುತ್ತದಲ್ಲ, ಅವು. ಹಾಕಿದ ದಿನವೇ ಅಮ್ಮ "ಆಸ್ಪತ್ರೆ ಥರ ಇದೆ" ಅಂದಿದ್ದಳು. ನಾನು ಅಭ್ಯಾಸ ಆಗುತ್ತೆ ಬಿಡು ಅಂದಿದ್ದೆ. ಎರಡು ವರ್ಷವಾದರೂ ಅಭ್ಯಾಸ ಆಗಿರಲಿಲ್ಲ. ಹುಳಿಯ ಬಣ್ಣ ಗೊತ್ತಾಗಲ್ಲ, ಒಗ್ಗರಣೆ ಕೆಂಪಾಯಿತೋ ಕಪ್ಪಾಯಿತೋ ತಿಳಿಯಲ್ಲ ಅನ್ನುತ್ತಿದ್ದಳು. ಅದು ಸುಮ್ನೆ ಹೇಳಿದ ಮಾತಲ್ಲ. ಎಲ್‌ಇಡಿಯ ಬಿಳಿ ಬೆಳಕು ನಿಜಕ್ಕೂ ನೀಲಿ ಬೆಳಕು. ನೀಲಿ ಎಲ್‌ಇಡಿ ಮೇಲೆ ಹಳದಿ ಪುಡಿ ಲೇಪಿಸಿರುತ್ತಾರೆ, ಎರಡೂ ಬೆರೆತು ಕಣ್ಣಿಗೆ ಬಿಳಿ ಕಾಣುತ್ತದೆ. ಆ ನೀಲಿ ಎಲ್‌ಇಡಿ ಮಾಡಿದ ಜಪಾನಿನಲ್ಲಿ ಹುಟ್ಟಿದ ಮೂವರಿಗೆ, ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ, 2014ರ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ಈ ಬೆಳಕಿನಲ್ಲಿ ಕೆಂಪಿನ ಪಾಲು ಕಮ್ಮಿ. ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಂಕ ಇದೆ. ಹಳೇ ಬಲ್ಬಿಗೆ ಅದು 100, ಸಾಮಾನ್ಯ ಎಲ್‌ಇಡಿಗೆ 80ರ ಹತ್ತಿರ. ಅಡುಗೆಮನೆಗೆ, ಸೀರೆ ಇಡುವ ಬೀರುವಿನ ಮುಂದೆ, ಮಕ್ಕಳು ಚಿತ್ರ ಬರೆಯುವ ಕಡೆ 90 ಅಥವಾ ಮೇಲಿನದು ಹಾಕಿದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ.

ಹಳದಿ ಬೆಳಕಿನದು ಬೇಕು ಅಂದರೆ 2700 ಅಥವಾ 3000ಕೆ ಕೇಳಬೇಕು, ವಾರ್ಮ್ ವೈಟ್ ಅನ್ನುತ್ತಾರೆ. ಊರಿನ ಅಂಗಡಿಯಲ್ಲಿ ಕೇಳಿದರೆ "ಅದು ಯಾರೂ ತಗೊಳಲ್ಲ ಮೇಡಂ" ಅಂದರು, ಒಂದು ವಾರ ಕಾದು ತರಿಸಿಕೊಂಡೆ. ಈಗ ನಡುಮನೆ, ಮಲಗುವ ಕೋಣೆ, ಜಗಲಿ ಎಲ್ಲ ಹಳದಿ. ಅಪ್ಪ ಪೇಪರ್ ಓದುವ ಮೇಜಿನ ಮೇಲೆ ಮಾತ್ರ ಬಿಳಿ, ಅವರಿಗೆ ಅಕ್ಷರ ಸ್ಪಷ್ಟ ಕಾಣಬೇಕು. ನೀಲಿ ಪಾಲು ಜಾಸ್ತಿಯಿರುವ ಬೆಳಕು ರಾತ್ರಿ ನಿದ್ದೆಯನ್ನು ದೂರ ಮಾಡುತ್ತದೆ, ಮಲಗುವ ಕೋಣೆಗಂತೂ ಬಿಳಿ ಬೇಡವೇ ಬೇಡ. ಇನ್ನೊಂದು ಲಾಭ, ಮೊದಲ ಮಳೆ ಬಿದ್ದ ಸಂಜೆ ಏಳುವ ರೆಕ್ಕೆಯ ಗೆದ್ದಲು, ಬಿಳಿ ಬಲ್ಬಿಗೆ ಮುತ್ತಿದಷ್ಟು ಹಳದಿಗೆ ಮುತ್ತಲಿಲ್ಲ. ಈ ಸಲ ಊಟದ ಹೊತ್ತಿಗೆ ದೀಪ ಆರಿಸಿ ಕೂರುವ ಪಾಡು ಬರಲಿಲ್ಲ.

ಮಿನುಗುವ ಬಲ್ಬಿನ ಬಗ್ಗೆ ಹುಷಾರು. ತೀರಾ ಅಗ್ಗದ ಬಲ್ಬಿನಲ್ಲಿ ಡ್ರೈವರ್ ಹೆಸರಿಗಷ್ಟೇ ಇರುತ್ತದೆ, ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣಲ್ಲ, ಆದರೆ ಕೆಲವರಿಗೆ ತಲೆನೋವು ಬರುತ್ತದೆ. ಫೋನಿನ ಕ್ಯಾಮರಾ ಹಿಡಿದು ನೋಡಿ, ಪರದೆ ಮೇಲೆ ಕಪ್ಪು ಪಟ್ಟೆಗಳು ಓಡಿದರೆ ಆ ಬಲ್ಬು ಓದುವ ಜಾಗಕ್ಕೆ ಬೇಡ. ಹಾಗೇ ಸ್ವಿಚ್ ಆರಿಸಿದರೂ ಎಲ್‌ಇಡಿ ಮಿಣುಕು ಮಿಣುಕು ಉರಿಯುತ್ತಿದೆಯಾ? ಸ್ವಿಚ್ಚಿನಲ್ಲಿ ಚಿಕ್ಕ ಕೆಂಪು ದೀಪ ಇದ್ದರೆ ಅದರ ಮೂಲಕ ಸೋರುವ ಕರೆಂಟಿಗೆ ಹಾಗಾಗಬಹುದು. ಅದು ಇಲ್ಲದಿದ್ದರೆ, ವೈರಿಂಗ್ ಮಾಡಿದವರು ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಯ ಬದಲು ವಾಪಸ್ ಹೋಗುವ ನ್ಯೂಟ್ರಲ್ ತಂತಿಗೆ ಹಾಕಿರುವ ಸಾಧ್ಯತೆ ಇದೆ. ಇದು ಅಪಾಯ. ಸ್ವಿಚ್ ಆರಿಸಿದ್ದೇವೆ ಅಂತ ಬಲ್ಬು ಬದಲಿಸಲು ಹೋದರೆ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ನಮ್ಮ ಹಳೇ ಮನೆಯಲ್ಲಿ ಎರಡು ಕಡೆ ಹೀಗಿತ್ತು. ಹಳೇ ಬಲ್ಬು ಇದ್ದಾಗ ಗೊತ್ತೇ ಆಗಿರಲಿಲ್ಲ, ಎಲ್‌ಇಡಿ ಮಿಣುಕಿದ್ದರಿಂದ ಗೊತ್ತಾಯಿತು, ಅವತ್ತೇ ಸರಿ ಮಾಡಿಸಿದೆವು.

ಹಳೇ ಬಲ್ಬು ಪೂರ್ತಿ ಬೇಡ ಅಂತಲೂ ನಾನು ಹೇಳಲ್ಲ. ಪಕ್ಕದ ಮನೆಯ ಅಕ್ಕ ಕೋಳಿ ಮರಿ ಸಾಕುತ್ತಾರೆ, ಆಷಾಢದ ಚಳಿಯಲ್ಲಿ ಬುಟ್ಟಿಯೊಳಗೆ 60 ವ್ಯಾಟಿನ ಬಲ್ಬು ಇಳಿಬಿಟ್ಟು ಮರಿಗಳನ್ನು ಬೆಚ್ಚಗಿಡುತ್ತಾರೆ. ಎಲ್‌ಇಡಿ ಹಾಕಿ ಕೂತರೆ ಮರಿ ಉಳಿಯಲ್ಲ. ಮಲೆನಾಡಿನಲ್ಲಿ ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಒಳಗೊಂದು ಚಿಕ್ಕ ಬಲ್ಬು ಉರಿಸುವವರೂ ಇದ್ದಾರೆ. ಅಲ್ಲೆಲ್ಲ ಬೇಕಾದದ್ದೇ ಶಾಖ.

ಇನ್ವರ್ಟರ್ ಇರುವ ಮನೆಗೆ ಎಲ್‌ಇಡಿ ಎಷ್ಟು ದೊಡ್ಡ ಉಪಕಾರ ಅಂತ ಮಳೆಗಾಲದಲ್ಲಿ ಮೂರು ದಿನ ಕರೆಂಟು ಇಲ್ಲದೆ ಕೂತವರನ್ನು ಕೇಳಬೇಕು. ಬ್ಯಾಟರಿಯಲ್ಲಿ 60 ವ್ಯಾಟಿನ ಒಂದು ಬಲ್ಬಿಗೆ ಸಾಕಾಗುತ್ತಿದ್ದ ಕರೆಂಟಿನಲ್ಲಿ ಈಗ ಆರು ಬಲ್ಬು ಉರಿಯುತ್ತದೆ. ಹೋದ ಜುಲೈನಲ್ಲಿ ಅಪ್ಪ ಎರಡೇ ಬಲ್ಬು ಹಾಕಿಕೊಂಡು ಮೂರು ರಾತ್ರಿ ಕಳೆದರು.

ಕೊನೆಯದಾಗಿ ಅಟ್ಟದ ಮೇಲಿನ ಡಬ್ಬ. ಹಳೇ ಬಲ್ಬಿಗೂ ಎಲ್‌ಇಡಿಗೂ ನಡುವೆ ಸಿಎಫ್‌ಎಲ್ ಕಾಲ ಒಂದಿತ್ತಲ್ಲ, ಸುರುಳಿ ಸುತ್ತಿದ ಗಾಜಿನ ಕೊಳವೆಯವು. ಎಂಟು ಹತ್ತು ವರ್ಷ ಎಲ್ಲರ ಮನೆಯಲ್ಲೂ ಅವೇ. ಅವುಗಳೊಳಗೆ ಪಾದರಸ ಇರುತ್ತದೆ, ಒಂದೊಂದರಲ್ಲಿ ಕೆಲವೇ ಮಿಲಿಗ್ರಾಂ. ಹಾಗೇ ಇದ್ದರೆ ತೊಂದರೆ ಇಲ್ಲ, ಒಡೆದರೆ ಆವಿ ಹೊರಗೆ ಬರುತ್ತದೆ. ತಮ್ಮನ ಮಗ ಚಿಕ್ಕವನಿದ್ದಾಗ ಚೆಂಡು ಎಸೆದು ಒಂದು ಒಡೆದಿದ್ದ, ನಾನು ತಕ್ಷಣ ಪೊರಕೆ ತಂದು ಗುಡಿಸಿ, ಮಗುವನ್ನು ಅಲ್ಲೇ ಮಂಚದ ಮೇಲೆ ಕೂರಿಸಿಕೊಂಡಿದ್ದೆ. ಇವತ್ತು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ. ಮಾಡಬೇಕಾದದ್ದು ಇಷ್ಟು: ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆಗೆದು, ಫ್ಯಾನು ಆರಿಸಿ, ಹತ್ತು ಹದಿನೈದು ನಿಮಿಷ ಕೋಣೆ ಬಿಟ್ಟು ಬರುವುದು. ಆಮೇಲೆ ಪೊರಕೆ ಮುಟ್ಟದೆ, ಗಟ್ಟಿ ರಟ್ಟಿನಿಂದ ಚೂರು ಎತ್ತಿ, ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳ ಗಟ್ಟಿಯಿರುವ ಡಬ್ಬಿಗೆ ಹಾಕುವುದು. ನಮ್ಮ ಕಡೆ ಕೆಟ್ಟ ಬಲ್ಬನ್ನು ಗೊಬ್ಬರಗುಂಡಿಗೋ ತೋಟದ ಅಂಚಿಗೋ ಎಸೆಯುವ ರೂಢಿ ಇದೆ. ಸಿಎಫ್‌ಎಲ್, ಟ್ಯೂಬ್‌ಲೈಟ್ ಎಸೆಯಲೇಬಾರದು, ಆ ಗೊಬ್ಬರ ಮತ್ತೆ ನಮ್ಮ ಬಸಳೆ ಬುಡಕ್ಕೇ ಬರುವುದು. ಪಾದರಸದ ಈ ದೀಪಗಳನ್ನು ನಿಲ್ಲಿಸಬೇಕು ಅಂತ ಮಿನಮಾಟಾ ಒಪ್ಪಂದದ, ಅಂದರೆ ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದದ ದೇಶಗಳೂ ತೀರ್ಮಾನ ಮಾಡಿವೆ, ಟ್ಯೂಬ್‌ಲೈಟುಗಳಿಗೂ 2027ರ ಗಡುವು ಇದೆ. ಅಟ್ಟದಲ್ಲಿ ಅಪ್ಪ ಕೂಡಿಟ್ಟಿದ್ದ ಏಳು ಸಿಎಫ್‌ಎಲ್ ಸಿಕ್ಕವು. ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿ ಚಪ್ಪಲಿ ಡಬ್ಬದಲ್ಲಿಟ್ಟು ಮೈಸೂರಿಗೆ ತಂದು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ. ಸತ್ತ ಐದು ಎಲ್‌ಇಡಿಗಳನ್ನೂ ಅದರ ಜೊತೆಗೇ.

ಹೊಸದು ಕೊಳ್ಳುವಾಗ ನಾನು ಈಗ ವ್ಯಾಟ್ ಮಾತ್ರ ನೋಡಲ್ಲ, ಲುಮೆನ್ ನೋಡುತ್ತೇನೆ, ಬೆಳಕು ಎಷ್ಟು ಅಂತ ಹೇಳುವುದು ಅದೇ. 9 ವ್ಯಾಟಿಗೆ 900ರ ಆಸುಪಾಸು ಇರಬೇಕು. ಗುಣಮಟ್ಟಕ್ಕೆ ಕೊಡುವ ಬಿಐಎಸ್ ಗುರುತು, ಕರೆಂಟು ಉಳಿತಾಯಕ್ಕೆ ಕೊಡುವ ಬಿಇಇ ಸ್ಟಾರ್ ಇಲ್ಲದ್ದು ಮುಟ್ಟಲ್ಲ. ಅಡುಗೆಮನೆಯ ಬಲ್ಬನ್ನು ಒಲೆಯ ಮೇಲಿಂದ ಎರಡು ಮಾರು ಆಚೆ ಸರಿಸಿದ್ದೇವೆ, ಬಚ್ಚಲುಮನೆಯಲ್ಲಿ ಒದ್ದೆ ತಾಗದ ಎತ್ತರದ ಮೂಲೆಗೆ ಗಾಳಿಯಾಡುವ ಕವಚ ಹಾಕಿಸಿದ್ದೇವೆ.

ದೇವರ ಮನೆಗೆ ಅರ್ಧ ವ್ಯಾಟಿನ ಚಿಕ್ಕ ಎಲ್‌ಇಡಿ ಸಿಕ್ಕಿತು, ಹಳದಿಯದೇ. ಹಗಲೂ ರಾತ್ರಿ ಉರಿದರೂ ತಿಂಗಳಿಗೆ ಅರ್ಧ ಯುನಿಟ್ ದಾಟಲ್ಲ. ಅಮ್ಮ ಮೊದಲು ಒಪ್ಪಲಿಲ್ಲ, ಮೂವತ್ತು ವರ್ಷದಿಂದ ಕೆಂಪು ದೀಪವೇ ಇತ್ತು ಅಂದಳು. ಒಂದು ವಾರ ಇಟ್ಟು ನೋಡು, ಬೇಡ ಅಂದರೆ ನಾನೇ ಬಂದು ಬಿಚ್ಚುತ್ತೇನೆ ಅಂತ ಹೇಳಿ ಬಂದೆ. ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊನ್ನೆ ಮೀಟರ್ ಓದುವವರು ಬಂದು ಹೋದ ಸಂಜೆ ಫೋನ್ ಬಂತು. ಹೋದ ತಿಂಗಳಿಗಿಂತ ಹನ್ನೊಂದು ಯುನಿಟ್ ಕಮ್ಮಿ ಬಂದಿದೆ, ಅಪ್ಪ ಎರಡು ಸಲ ಕನ್ನಡಕ ಹಾಕಿಕೊಂಡು ಓದಿದರು ಅಂದಳು. ಇಡುವ ಮೊದಲು, "ಮುಂದಿನ ಸಲ ಬರುವಾಗ ಕೊಟ್ಟಿಗೆಗೂ ಒಂದು ತಗೊಂಡು ಬಾ. ಹಳದಿಯದೇ ತಾ, ಬಿಳಿ ದೀಪಕ್ಕೆ ಕರು ಬೆದರುತ್ತೆ" ಅಂದಳು.